ನಾಲ್ಕು ಸಾಲಿನ ಹಾಡು, ನಾಲ್ಕು ಥರದ ಗಲಾಟೆ

ಯಾರಪ್ಪ ಅದು, ನನಗೆ ಮರೆವು ಬಂದಿದೆ ಎಂದು ಗ್ರೂಪಿನಲ್ಲಿ ಬರೆದವನು? ಬರೆದದ್ದಲ್ಲದೆ ಕೆಳಗೆ ನಗುವ ಮುಖ ಬೇರೆ ಅಂಟಿಸಿದ್ದೀಯ. ಕೇಳು. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು, ಯಾರು ಇಳಿಯಬೇಕಾದ ಕಡೆ ಇಳಿಯದೆ ಕಿಟಕಿಗೆ ಮುಖ ಮಾಡಿ ನಿದ್ದೆಯ ನಾಟಕ ಆಡುತ್ತಿದ್ದಾರೆ, ಎಲ್ಲ ತಲೆಯಲ್ಲೇ ಇರುತ್ತಿತ್ತು. ಕನ್ನಡಕ ಎಲ್ಲಿಟ್ಟೆ ಎಂದು ಕೇಳಿದರೆ ಸ್ವಲ್ಪ ತಡಕಾಡುತ್ತೇನೆ, ಒಪ್ಪಿದೆ. ಆದರೆ ಆವತ್ತು ಆಸ್ಪತ್ರೆಯ ಸಭೆಯಲ್ಲಿ ಮೊದಲು ಕೆಮ್ಮಿದ್ದು ಯಾರು, ಆಮೇಲೆ ಹೊಡೆದುಕೊಂಡದ್ದು ಯಾರ ಫೋನು, ಕುರ್ಚಿ ಎಳೆದದ್ದು ಯಾರು, ಎಲ್ಲವನ್ನೂ ಸಾಲಾಗಿ ಹೇಳಬಲ್ಲೆ. ಮಧ್ಯೆ ಯಾರೂ ಹೆಬ್ಬೆರಳಿನ ಚಿತ್ರ ಕಳಿಸಬೇಡಿ. ಅದು ಬಂದಾಗ ಫೋನು ನಡುಗುತ್ತದೆ, ನನ್ನ ಬೆರಳು ಜಾರುತ್ತದೆ, ರೆಕಾರ್ಡು ನಿಂತುಹೋಗುತ್ತದೆ.

ನಿವೃತ್ತಿಯಾದ ಎರಡೇ ವರ್ಷಕ್ಕೆ ನನ್ನ ಗಂಟಲು ಕೈಕೊಟ್ಟಿತು. ಒಳಗೆ ಕಾಳಿನಷ್ಟು ದಪ್ಪದ್ದು ಏನೋ ಬೆಳೆದಿತ್ತು. ತೆಗೆದರು. ತೆಗೆದ ಮೇಲೆ ಬಾಯಿ ಬಿಟ್ಟರೆ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಸೊಂಯ್ ಎನ್ನುತ್ತಿತ್ತು, ಅಷ್ಟೇ. ಬೀದಿಯಲ್ಲಿ ಎಷ್ಟು ಜನಕ್ಕೆ ಖುಷಿಯಾಯಿತು ಎಂದು ನನಗೆ ಗೊತ್ತಿದೆ, ಹೆಸರು ಹೇಳುವುದಿಲ್ಲ. ನಮ್ಮವಳಿಗೂ ಮೊದಲ ವಾರ ಹಬ್ಬವೇ. ಹತ್ತನೆಯ ದಿನ ಸೌಟು ಕೆಳಗೆ ಹಾಕಿ ಕೂತುಬಿಟ್ಟಳು. "ಏನಾದ್ರೂ ತಿರುಗಿಸಿ ಅನ್ರೀ. ಒಬ್ಳೇ ಜಗಳ ಆಡಿ ಆಡಿ ನಂಗೆ ಸಾಕಾಗಿದೆ" ಎಂದು ಅಳತೊಡಗಿದಳು.

ಆಗ ನನ್ನನ್ನು ಕಳಿಸಿದ್ದು ಮಾತಿನ ಮೇಡಂ ಹತ್ತಿರ. ಅವರು ಆಪರೇಷನ್ ಮಾಡುವ ಡಾಕ್ಟರಲ್ಲ. ಹೋದ ದನಿಯನ್ನು ವಾಪಸ್ ಕರೆಸುವವರು. ಆಸ್ಪತ್ರೆಯ ಹಿಂಭಾಗದಲ್ಲಿ, ಲಾಂಡ್ರಿಯ ಪಕ್ಕದಲ್ಲಿ ಅವರಿಗೊಂದು ಕೋಣೆ. ಒಂದು ಮೇಜು, ಎರಡು ಕುರ್ಚಿ, ಒಂದು ಕನ್ನಡಿ. ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದೇ ಪೆನ್ಸಿಲನ್ನು ಕೋಣೆಯೆಲ್ಲ ಹುಡುಕುವ ಹೆಂಗಸು. ಮೊದಲ ದಿನ ಒಂದು ಲೋಟ ನೀರು, ಒಂದು ಸ್ಟ್ರಾ ಮುಂದಿಟ್ಟು, "ಗುಳ್ಳೆ ಬರೋ ಹಾಗೆ ಊದಿ" ಎಂದರು. ನನಗೆ ಸಿಟ್ಟು ಬಂತು. ಆಗ ಜೊತೆಗೆ ಸ್ಲೇಟು ಇಟ್ಟುಕೊಂಡು ತಿರುಗುತ್ತಿದ್ದೆ. 'ಇದೇನು ಮಕ್ಕಳಾಟ?' ಎಂದು ದಪ್ಪಗೆ ಬರೆದು ತೋರಿಸಿದೆ.

"ಮಕ್ಕಳು ಚೆನ್ನಾಗೇ ಮಾತಾಡ್ತಾರಲ್ವಾ? ಊದಿ" ಎಂದರು.

ಊದಿದೆ. ಮಂಗಳವಾರ, ಶುಕ್ರವಾರ, ಏಳು ತಿಂಗಳು ಊದಿದೆ. ಆಮೇಲೆ 'ಆ' ಎಂದು ಎಳೆಯಬೇಕು, ಅವರು ಒಂದೊಂದೇ ಬೆರಳು ಮಡಚುತ್ತಾ ಎಣಿಸುವರು. ಮೊದಲ ದಿನ ಮೂರು ಬೆರಳಿಗೆ ನನ್ನ ಗಾಳಿ ಖಾಲಿ. "ಪರವಾಗಿಲ್ಲ, ಇದು ನಾಲ್ಕಕ್ಕೆ ಹತ್ತಿರದ ಮೂರು" ಎನ್ನುವರು. ಹೀಗೆ ಬೆರಳಿಗೆ ಬೆರಳು ಸೇರಿಸಿ ದನಿ ಬಂತು. ಇವತ್ತು ನಿಮ್ಮ ಕಿವಿ ಕೊರೆಯುತ್ತಿದೆಯಲ್ಲ, ಇದೇ ದನಿ.

ಇನ್ನು ಬರಬೇಕಾಗಿಲ್ಲ ಎಂದು ಅವರು ಹೇಳಿದ ದಿನ, ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು ತಾನೇ? ದನಿ ಇತ್ತು, ಮಾತು ಹೊರಡಲಿಲ್ಲ. ಕಂಡಕ್ಟರ್ ಕೆಲಸದಲ್ಲಿ ಉಪಕಾರ ಆಯಿತು ಎನ್ನುವ ಮಾತು ಯಾರೂ ನಮಗೆ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಬಾಗಿಲ ಹತ್ತಿರ ನಿಂತು, "ನಿಮ್ಮ ಆ ಕುರ್ಚಿಯ ಒಂದು ಕಾಲು ಅಲ್ಲಾಡ್ತಿದೆ, ರಿಪೇರಿ ಮಾಡ್ಸಿ" ಎಂದು ಹೇಳಿ ಬಂದುಬಿಟ್ಟೆ. ಎಂಥ ಗಂಡಸು ನೋಡಿ.

ಒಂದು ವರ್ಷವಾದ ಮೇಲೆ ಮಾತ್ರೆ ಬರೆಸಿಕೊಳ್ಳಲು ಹೋದಾಗ ಆಸ್ಪತ್ರೆಯ ಗುಮಾಸ್ತ ಒಂದು ಪಟ್ಟಿ ಹಿಡಿದು ಓಡಾಡುತ್ತಿದ್ದ. ಮೇಡಂಗೆ ವರ್ಗವಾಗಿದೆ, ದೂರದ ಊರು, ಮುಂದಿನ ತಿಂಗಳು ಬೀಳ್ಕೊಡುಗೆ. "ಪೇಷೆಂಟ್ ಕಡೆಯಿಂದ ಯಾರಾದ್ರೂ ಎರಡು ಮಾತು ಆಡ್ತೀರಾ?" ಎಂದ. ಪಕ್ಕದಲ್ಲಿ ಹರಾಜು ಕೂಗುವವನೊಬ್ಬ ಕೂತಿದ್ದ. ಅವನ ದನಿಯನ್ನೂ ಮೇಡಮ್ಮೇ ರಿಪೇರಿ ಮಾಡಿದ್ದು. "ನಾನು ಭಾಷಣ ಮಾಡ್ತೀನಿ, ಅರ್ಧ ಗಂಟೆ ಬರ್ಕೊಳ್ಳಿ" ಎಂದು ಎದೆ ಉಬ್ಬಿಸಿದ. ಉಬ್ಬಿಸಿ ನನ್ನ ಕಡೆ ಹೀಗೆ ಓರೆಯಾಗಿ ನೋಡಿದ. ಆ ನೋಟವೇ ಎಲ್ಲಕ್ಕೂ ಕಾರಣ.

"ಭಾಷಣ ಯಾರು ಬೇಕಾದ್ರೂ ಮಾಡ್ತಾರೆ. ನಾನು ಹಾಡ್ತೀನಿ, ಬರ್ಕೊಳ್ಳಿ" ಎಂದೆ.

ಹದಿನೈದು ದಿನಕ್ಕೆ ಆಮಂತ್ರಣ ಪತ್ರ ಮನೆಗೆ ಬಂತು. 'ವಿಶೇಷ ಗಾಯನ' ಎಂದು ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ನನ್ನ ಹೆಸರು. ಹರಾಜಿನವನ ಹೆಸರು ಅದಕ್ಕಿಂತ ಚಿಕ್ಕ ಅಕ್ಷರದಲ್ಲಿ. ಅದೊಂದು ಸಮಾಧಾನ. ನಮ್ಮವಳು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

"ರೀ, ಇದು ನೀವೇನಾ?"

"ಮತ್ತಿನ್ಯಾರು?"

"ನೀವು ಹಾಡೋದು ಯಾವಾಗ ಕಲಿತ್ರಿ?"

"ಇವತ್ತಿಂದ."

ಹಾಡು ಮಾತ್ರ ಇತ್ತು ನನ್ನ ಹತ್ತಿರ. ಚಿಕ್ಕವನಿದ್ದಾಗ ನಮ್ಮಕ್ಕ ಬಟ್ಟೆ ಒಣಹಾಕುತ್ತಾ ಹೇಳುತ್ತಿದ್ದದ್ದು. ನಾಲ್ಕೇ ಸಾಲು.

ಮೋಡಣ್ಣ ಮೋಡಣ್ಣ ನಿಲ್ಲಣ್ಣ ಅಲ್ಲೇ
ತಂತಿಯ ಮೇಲಿದೆ ಪುಟ್ಟನ ಅಂಗಿ
ಒಣಗುವ ತನಕ ತಡೆಯಣ್ಣ ಅಲ್ಲೇ
ಆಮೇಲೆ ಸುರಿಯಣ್ಣ ಎಷ್ಟಾದರೂ

ಕೋಣೆಯ ಬಾಗಿಲು ಹಾಕಿಕೊಂಡು ಹಾಡಿದೆ. ಸೊಗಸಾಗಿ ಬಂತು. ಬಾಗಿಲಾಚೆ ನಿಂತು ಕೇಳಿದ ನಮ್ಮವಳು, "ಪರವಾಗಿಲ್ಲ ಕಣ್ರೀ, ರೇಡಿಯೋ ಅಂದ್ಕೊಂಡೆ" ಎಂದಳು. ನಲವತ್ತು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ. ಅದೇ ಉತ್ಸಾಹದಲ್ಲಿ ಮಹಡಿಯ ಮೇಲಿನ ಟೈಲರಮ್ಮನನ್ನೂ ಎದುರುಮನೆಯ ರಿಟೈರಾದ ಕ್ಯಾಶಿಯರ್ ಸಾಹೇಬರನ್ನೂ ಕರೆದು ಹಾಲಿನಲ್ಲಿ ಕೂರಿಸಿದಳು. ಜಾಗ ಸಾಲದೆ ಕುರ್ಚಿಗಳನ್ನು ಎರಡೆರಡಾಗಿ, ಒಂದರ ಹಿಂದೆ ಒಂದು ಹಾಕಿದ್ದಳು. ನಡುವೆ ಓಡಾಡಲು ಸಣ್ಣ ದಾರಿ. ನಾನು ಆ ದಾರಿಯ ತುದಿಗೆ ಹೋಗಿ ನಿಂತೆ. ಎರಡೂ ಕಡೆಯಿಂದ ಜನ ನನ್ನನ್ನೇ ನೋಡುತ್ತಿದ್ದಾರೆ. ಉಸಿರು ಎಳೆದು ಬಾಯಿ ತೆರೆದೆ.

"ಟಿಕೆಟ್ ಟಿಕೆಟ್! ಚಿಲ್ಲರೆ ಕೊಡಿ, ಒಳಗಡೆ ಹೋಗಿ, ಒಳಗಡೆ ಹೋಗಿ!"

ಮೂವತ್ತೊಂದು ವರ್ಷದ ಅಭ್ಯಾಸ, ಏನು ಮಾಡಲಿ? ಜನ ಹಾಗೆ ಕೂತು ನನ್ನ ಮುಖ ನೋಡಿದರೆ ಗಂಟಲಿಗೆ ಗೊತ್ತಿರುವುದು ಅದೊಂದೇ. ಕ್ಯಾಶಿಯರ್ ಸಾಹೇಬರು ತುಂಬ ಮರ್ಯಾದಸ್ಥರು, ಜೇಬಿಗೆ ಕೈ ಹಾಕಿಯೇಬಿಟ್ಟರು. ಎರಡನೇ ಸಲ ಶುರು ಮಾಡಿದೆ. ಟೈಲರಮ್ಮ ಸೀನಿದಳು. ಅಲ್ಲಿಗೆ ಮೊದಲ ಸಾಲು ಮರೆತೇ ಹೋಯಿತು. ಮೂರನೇ ಸಲ ನಮ್ಮವಳ ಕುರ್ಚಿ ಕಿರ್ ಎಂದಿತು, ದನಿಯೇ ನಿಂತಿತು. ಕೋಣೆಯೊಳಗೆ ರೇಡಿಯೋ, ಹಾಲಿಗೆ ಬಂದರೆ ಕೆಟ್ಟ ರೇಡಿಯೋ.

ನಮ್ಮವಳ ತಮ್ಮ ಬಂದದ್ದು ಆಗ. ಅಗ್ನಿಶಾಮಕ ದಳದಲ್ಲಿದ್ದು ರಿಟೈರಾದವನು. ಮನೆಯಲ್ಲಿ ಎಲ್ಲರೂ ಅವನನ್ನು ಸೈರನ್ ಎನ್ನುತ್ತೇವೆ, ಮೆತ್ತಗೆ ಮಾತಾಡುವುದು ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು ಮೇಜು ಗುದ್ದಿದ.

"ಭಾವ, ನಿಮ್ಗೆ ಹಾಡೋ ಅಭ್ಯಾಸ ಇದೆ, ಗಲಾಟೇಲಿ ಹಾಡೋ ಅಭ್ಯಾಸ ಇಲ್ಲ. ನಾವು ಬೆಂಕಿ ಬೀಳೋವರೆಗೂ ಕಾಯ್ತಾ ಇರ್ತಿರ್ಲಿಲ್ಲ. ನಾವೇ ಬೆಂಕಿ ಹಚ್ಚಿ, ನಾವೇ ಓಡಿ ಹೋಗಿ ಆರಿಸ್ತಿದ್ವಿ. ಅದಕ್ಕೆ ಡ್ರಿಲ್ ಅಂತಾರೆ. ಸಭೇಲಿ ಏನೇನು ತೊಂದ್ರೆ ಆಗ್ಬಹುದೋ ಅದನ್ನೆಲ್ಲ ಇಲ್ಲೇ ಮಾಡಿ ರೂಢಿ ಮಾಡ್ಸೋಣ."

"ಮನೆಗೆ ಬೆಂಕಿ ಹಚ್ಬೇಡ ಮಾರಾಯ" ಎಂದಳು ನಮ್ಮವಳು.

ಅವನು ಆಗಲೇ ಕಾಗದ ಪೆನ್ನು ತೆಗೆದಿದ್ದ. ಮೊದಲ ಸಾಲು ಮುಗಿದ ಕೂಡಲೇ ನಮ್ಮವಳು ಕೆಮ್ಮಬೇಕು. ಎರಡನೇ ಸಾಲಿನ ಕೊನೆಗೆ ಟೈಲರಮ್ಮನ ಫೋನು ಹೊಡೆದುಕೊಳ್ಳಬೇಕು, ಸೈರನ್ನೇ ತನ್ನ ಫೋನಿನಿಂದ ಕರೆ ಮಾಡುತ್ತಾನೆ. ಮೂರನೇ ಸಾಲಿಗೆ ಕ್ಯಾಶಿಯರ್ ಸಾಹೇಬರು ಬೇಸರವಾದವರಂತೆ ಎದ್ದು, ಕುರ್ಚಿ ಎಳೆದು, ಹೊರಗೆ ನಡೆಯಬೇಕು. ನಾಲ್ಕನೇ ಸಾಲಿಗೆ ಸೈರನ್ ಸ್ಟೀಲ್ ತಟ್ಟೆ ಬೀಳಿಸುತ್ತಾನೆ. ಆಮೇಲೆ ನಾನು ಮೊದಲ ಸಾಲನ್ನು ಇನ್ನೊಮ್ಮೆ ಹೇಳಿ ಮುಗಿಸಬೇಕು.

ಹದಿನಾರು ದಿನ ಡ್ರಿಲ್ ನಡೆಯಿತು. ಪಾಪ ಕ್ಯಾಶಿಯರ್ ಸಾಹೇಬರಿಗೆ ಎದ್ದು ಹೋಗುವುದೆಂದರೆ ಜೀವ ಹೋದಂತೆ. ಮೊದಲ ಎರಡು ದಿನ ಬಾಗಿಲ ತನಕ ಹೋಗಿ ತಿರುಗಿ, "ತಪ್ಪು ತಿಳ್ಕೋಬೇಡಿ, ನಿಜವಾಗ್ಲೂ ಚೆನ್ನಾಗಿತ್ತು" ಎಂದು ಕೈ ಮುಗಿಯುವರು. ಸೈರನ್ ಗದರುವನು: "ಸಾಹೇಬ್ರೇ, ಮುಖ ಗಂಟು ಹಾಕ್ಕೊಂಡು ಹೋಗಿ! ಬ್ಯಾಂಕಲ್ಲಿ ಊಟದ ಹೊತ್ತಲ್ಲಿ ಕೌಂಟರ್ ಮುಚ್ತಿದ್ರಲ್ಲ, ಹಾಗೆ!" ಅದಾದ ಮೇಲೆ ಸಾಹೇಬರು ಒಮ್ಮೆಯೂ ತಪ್ಪಲಿಲ್ಲ. ಟೈಲರಮ್ಮ ಹೊಲಿಗೆ ನಿಲ್ಲಿಸಿ ಇಳಿದು ಬರುವಳು, ಫೋನು ಬಡಿಸಿಕೊಂಡು ಹೋಗುವಳು. ನಮ್ಮವಳ ಕೆಮ್ಮಂತೂ ಎಷ್ಟು ಪಳಗಿತೆಂದರೆ ಔಷಧಿ ಅಂಗಡಿಯವನು ಕರೆದು ಸಿರಪ್ ಕೊಟ್ಟ.

ನನಗೆ ರೂಢಿಯಾಯಿತು. ಮೊದಲು ನಡುಗುತ್ತಿದ್ದೆ, ಆಮೇಲೆ ನಡುಕ ಹೋಯಿತು, ಆಮೇಲೆ ಆ ಸದ್ದುಗಳೇ ಚೆನ್ನಾಗಿ ಕೇಳಿಸತೊಡಗಿದವು. ಅವಳು ಕೆಮ್ಮಿದಾಗ ಉಸಿರು ತೆಗೆದುಕೊಳ್ಳುವುದು, ಫೋನು ಹೊಡೆದಾಗ ದನಿ ಏರಿಸುವುದು, ಕುರ್ಚಿ ಎಳೆದಾಗ ಇಳಿಸುವುದು. "ನೋಡಿ ಭಾವ, ಇನ್ನು ಆಕಾಶ ಬಿದ್ರೂ ನೀವು ನಿಲ್ಲಲ್ಲ" ಎಂದು ಸೈರನ್ ಬೆನ್ನು ತಟ್ಟಿದ. ಆಕಾಶ ಬೀಳದಿದ್ದರೆ ಏನು ಮಾಡಬೇಕು ಎನ್ನುವುದನ್ನು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಐದು ಜನರ ತಲೆ ಸೇರಿಸಿದರೂ ಅಷ್ಟು ಬುದ್ಧಿ ಇರಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಸೈರನ್ ತನ್ನ ಪಡೆಯನ್ನು ಸಾಲಾಗಿ ನಿಲ್ಲಿಸಿದ. "ಇವತ್ತು ಡ್ರಿಲ್ ಅಲ್ಲ, ನಿಜವಾದ ಬೆಂಕಿ. ಬೇರೆಯವರು ಎಷ್ಟು ಬೇಕಾದ್ರೂ ಗಲಾಟೆ ಮಾಡ್ಲಿ, ನಮ್ಮ ಕಡೆಯಿಂದ ಚಿಟಿಕೆ ಸದ್ದು ಬರಕೂಡ್ದು. ಅಕ್ಕಾ, ಬಾಯಲ್ಲಿ ಕೆಮ್ಮಿನ ಮಾತ್ರೆ ಇರ್ಲಿ. ಟೈಲರಮ್ಮ, ಫೋನ್ ಆಫ್. ಸಾಹೇಬ್ರೇ, ಕೂತ ಕಡೆಯಿಂದ ಏಳ್ಕೂಡ್ದು." ತನ್ನ ಫೋನನ್ನೂ ಆಫ್ ಮಾಡಿ ಒಳಜೇಬಿಗೆ ಸೇರಿಸಿದ.

ಆಸ್ಪತ್ರೆಯ ಸಭಾಂಗಣಕ್ಕೆ ಹೋಗಿ ನೋಡುತ್ತೇನೆ, ಮುಂದಿನ ಮೂರು ಸಾಲಿನ ತುಂಬ ಗಂಟಲು ವಾರ್ಡಿನ ಪೇಷೆಂಟುಗಳು! ದನಿಗೆ ವಿಶ್ರಾಂತಿ ಬೇಕೆಂದು ತಿಂಗಳುಗಟ್ಟಲೆ ಬಾಯಿ ಮುಚ್ಚಿಸಿಕೊಂಡವರು. ಕೊರಳಲ್ಲಿ 'ಮಾತಾಡಿಸಬೇಡಿ' ಎಂಬ ಚೀಟಿ. ಹಿಂದೆ ನರ್ಸುಗಳು. ಅವರು ನಡೆದರೂ ಸದ್ದಾಗುವುದಿಲ್ಲ. ಎಲ್ಲರ ಮೇಲೆ ಸೂಪರಿಂಟೆಂಡೆಂಟ್. ಮೆತ್ತನೆ ಬೂಟು ಹಾಕಿಕೊಂಡು ಯಾರು ಪಿಸುಗುಟ್ಟುತ್ತಾರೆಂದು ಹುಡುಕುತ್ತಾ ತಿರುಗುವ ಮನುಷ್ಯ.

ಹರಾಜಿನವನ ಭಾಷಣ ಮೊದಲು. ಕೊನೆಗೆ "ಇಂಥವರು ಇನ್ನೊಬ್ರು ಇದಾರಾ? ಒಂದನೇ ಸಲ, ಎರಡನೇ ಸಲ, ಮೂರನೇ ಸಲ!" ಎಂದು ಮೇಜು ಗುದ್ದಿ ಮೇಡಂ ಅವರನ್ನು ಹೆಚ್ಚುಕಮ್ಮಿ ಹರಾಜೇ ಹಾಕಿಬಿಟ್ಟ.

ಆಮೇಲೆ ನಾನು. ಮೇಡಂ ಎದುರಿಗೇ ಕೂತಿದ್ದರು. ಆವತ್ತೂ ತಲೆಯಲ್ಲಿ ಪೆನ್ಸಿಲ್. ಶುರು ಮಾಡಿದೆ.

"ಮೋಡಣ್ಣ ಮೋಡಣ್ಣ ನಿಲ್ಲಣ್ಣ ಅಲ್ಲೇ..."

ಚೆನ್ನಾಗಿ ಬಂತು. ಕೆಮ್ಮಿಗೆ ಕಾದೆ. ಕೆಮ್ಮು ಬರಲಿಲ್ಲ. ಮುನ್ನೂರು ಜನ ಇದ್ದಾರೆ, ಒಬ್ಬರೂ ಕೆಮ್ಮಲಿಲ್ಲ! ಗಂಟಲು ಕೆಟ್ಟವರ ಸಭೆಯಲ್ಲಿ ಒಂದು ಕೆಮ್ಮಿಗೆ ಬರ ಬಂದಿತ್ತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದೇ ತಿಳಿಯಲಿಲ್ಲ. ಎರಡನೇ ಸಾಲು ನಾಲಗೆಗೆ ಬರಲೊಲ್ಲದು. ಸರಿ, ಮೊದಲ ಸಾಲನ್ನೇ ಮತ್ತೆ ಹಾಡಿದೆ. ಕಾದೆ. ನಮ್ಮವಳ ಕಡೆ ಕಣ್ಣು ಹೊರಳಿಸಿದೆ. ನಾನು ಪ್ರೀತಿಯಿಂದ ನೋಡುತ್ತಿದ್ದೇನೆ ಎಂದುಕೊಂಡು ಅವಳು ಸೆರಗು ಸರಿಮಾಡಿಕೊಂಡಳು. ಮೂರನೇ ಸಲ ಹಾಡಿದೆ.

ಸೂಪರಿಂಟೆಂಡೆಂಟ್ ಗುಮಾಸ್ತನ ಕಡೆ ಬಾಗಿ, "ಏನ್ರೀ, ಒಂದೇ ಸಾಲಿನ ಹಾಡಾ ಇದು?" ಎಂದ.

"ಶಾಸ್ತ್ರೀಯ ಇರ್ಬೇಕು ಸರ್" ಎಂದ ಗುಮಾಸ್ತ.

ಆಗ ಮೇಡಂ ಮುಖ ನೋಡಿದೆ. ಕುರ್ಚಿಯ ತುದಿಗೆ ಬಂದಿದ್ದಾರೆ, ಒಂದು ಕೈ ತಮ್ಮ ಗಂಟಲ ಮೇಲಿದೆ. ನನ್ನ ದನಿ ಮತ್ತೆ ಕೆಟ್ಟಿತು, ಏಳು ತಿಂಗಳು ಮಾಡಿದ್ದೆಲ್ಲ ನೀರಿಗೆ ಹೋಯಿತು ಎಂದುಕೊಂಡಿದ್ದಾರೆ. ಉಪಕಾರ ತೀರಿಸಲು ಹೋದವನು ಹೊರಟು ನಿಂತವರ ತಲೆಯ ಮೇಲೆ ಆ ಭಾರ ಹೇರಿ ಕಳಿಸುತ್ತಿದ್ದೇನೆ. ಬೇರೆ ಬಸ್ಸು ಇಲ್ಲ, ಇದೇ ಕೊನೆಯದು.

ಕೈ ಬಾಯಿಗೆ ಅಡ್ಡ ಹಿಡಿದು ನಮ್ಮವಳ ಕಡೆ ಕೆಮ್ಮುವ ಅಭಿನಯ ಮಾಡಿದೆ. ನಲವತ್ತು ವರ್ಷ ಬಾಳಿದ್ದು ಸುಮ್ಮನೆಯೇ? ಅವಳ ಕಣ್ಣು ಅಗಲವಾಯಿತು. ಬಾಯಲ್ಲಿದ್ದ ಮಾತ್ರೆಯನ್ನು ಹಾಗೇ ನುಂಗಿ, ಎದೆ ಹಿಡಿದು ಕೆಮ್ಮಿದಳು ನೋಡಿ! ಕಿಟಕಿಯ ಗಾಜು ಅಲುಗಿತು.

"ಅಕ್ಕಾ! ಸದ್ದು!" ಎಂದು ಸೈರನ್ ಪಿಸುಗುಟ್ಟಿದ. ಅವನ ಪಿಸುಮಾತು ಬೀದಿಗೆ ಕೇಳಿಸಿತು.

"ಸುಮ್ನಿರೋ! ಅವ್ರು ನನ್ನ ಕೆಮ್ಮಿಗೇ ಕಾಯ್ತಿದಾರೆ! ಎಲ್ಲ ನಿಮ್ನಿಮ್ಮ ಕೆಲಸ ಶುರು ಮಾಡಿ!"

ಉಸಿರು ಬಂತು. "ತಂತಿಯ ಮೇಲಿದೆ ಪುಟ್ಟನ ಅಂಗೀ..." ಎಂದು ಎಳೆದೆ. ಈಗ ಫೋನು ಹೊಡೆಯಬೇಕು. ಟೈಲರಮ್ಮ ಚೀಲವನ್ನು ಮಡಿಲಿಗೆ ಸುರಿದುಕೊಂಡಳು. ಅಳತೆ ಟೇಪು, ದಾರದ ಉಂಡೆ, ಗುಂಡಿಗಳು, ಕೊನೆಗೆ ಫೋನು. ಆಫ್ ಆಗಿದೆ. ಒತ್ತಿ ಹಿಡಿದಳು. ಕರೆ ಮಾಡಬೇಕಾದ ಸೈರನ್ನಿನ ಫೋನೂ ಆಫ್. ಅವನೂ ಒತ್ತಿ ಹಿಡಿದ. ಎರಡು ಫೋನು ನಿದ್ದೆಯಿಂದ ಏಳುವವರೆಗೂ ನಾನು ಆ 'ಅಂಗಿ'ಯನ್ನು ಬಿಡುವಂತಿಲ್ಲ. ಎಳೆದೆ. ಎಳೆದೆ. ನೋಡುತ್ತೇನೆ, ಮೇಡಂ ಗಂಟಲ ಮೇಲಿದ್ದ ಕೈ ಮಡಿಲಿಗೆ ಇಳಿದಿದೆ, ಬೆರಳು ಮಡಚುತ್ತಿದ್ದಾರೆ. ಒಂದು ಕೈ ಮುಗಿಯಿತು. ಎರಡನೇ ಕೈ ಮುಗಿಯಿತು. ಮತ್ತೆ ಮೊದಲಿನಿಂದ. ಪಕ್ಕದ ನರ್ಸು ತನ್ನ ಎರಡೂ ಕೈ ಚಾಚಿದಳು, ಅವಳ ಬೆರಳನ್ನೂ ಮಡಚಿದರು. ಇಪ್ಪತ್ತಾರು! ಸುಳ್ಳಾದರೆ ಆ ನರ್ಸನ್ನು ಕೇಳಿ. ಕಣ್ಣಿಗೆ ಕತ್ತಲೆ ಬರುವ ಹೊತ್ತಿಗೆ ಟ್ರಿಣ್ ಟ್ರಿಣ್ ಎಂದಿತು ಫೋನು. ಅದಕ್ಕಿಂತ ಇಂಪಾದ ಸಂಗೀತ ನಾನು ಕೇಳಿಲ್ಲ.

ಮೂರನೇ ಸಾಲು. ಕ್ಯಾಶಿಯರ್ ಸಾಹೇಬರು ಎದ್ದು ಕುರ್ಚಿ ಕರ್ ಎಂದು ಎಳೆದರು. ಸೂಪರಿಂಟೆಂಡೆಂಟ್ ಕೈ ಬೀಸಿದ. ಇಬ್ಬರು ಆಳುಗಳು ಬಂದು ಸಾಹೇಬರ ರಟ್ಟೆ ಹಿಡಿದರು. "ಗಲಾಟೆ ಮಾಡ್ಬೇಡಿ ಸರ್, ಹೊರಗೆ ನಡೀರಿ."

"ಹೊರಗೇ ಹೊರಟಿದ್ದೀನಪ್ಪ, ಅದೇ ನನ್ನ ಪಾತ್ರ. ಆದ್ರೆ ನಾನಾಗೇ ಬೇಜಾರು ಮಾಡ್ಕೊಂಡು ಹೋಗ್ಬೇಕು. ನೀವು ತಳ್ಳಿದ್ರೆ ಸರಿಹೋಗಲ್ಲ. ದಯವಿಟ್ಟು ಕೈ ಬಿಡಿ." ಬಿಟ್ಟರು. ಸಾಹೇಬರು ಮುಖ ಗಂಟು ಹಾಕಿಕೊಂಡು ನಡೆದರು.

ನಾಲ್ಕನೇ ಸಾಲಿಗೆ ತಟ್ಟೆ ಬೇಕು. ಸೈರನ್ ಕೈಯಲ್ಲಿ ತಟ್ಟೆ ಇಲ್ಲ. ವೇದಿಕೆಯ ಮೇಜಿನ ಮೇಲೆ ಒಂದಿತ್ತು, ಅದರಲ್ಲಿ ಮೇಡಂಗೆ ಕೊಡಬೇಕಾದ ನೆನಪಿನ ಫಲಕ. ಸೈರನ್ ಬೆಂಕಿ ಕಂಡವನಂತೆ ಓಡಿ ಬಂದ. ಸೂಪರಿಂಟೆಂಡೆಂಟ್ ಅಡ್ಡ ಬಂದು, ಫಲಕವನ್ನು ಕಂಕುಳಿಗೆ ಸೇರಿಸಿ, ತಟ್ಟೆ ಹಿಡಿದುಕೊಂಡ.

"ಕೊಡಿ ಸರ್, ಬೀಳಿಸ್ಬೇಕು!"

"ಏನ್ರೀ ನೀವು, ಇದು ಆಸ್ಪತ್ರೆ ತಟ್ಟೆ!"

"ಸಾಲು ಮುಗೀತಾ ಬಂತು ಸರ್, ಬಿಡಿ!"

ಇವನು ಎಳೆದ, ಅವನು ಎಳೆದ. "...ಸುರಿಯಣ್ಣ ಎಷ್ಟಾದರೂ" ಎಂದು ನಾನು ಮುಗಿಸುವುದಕ್ಕೂ ತಟ್ಟೆ ಢಣಾರ್ ಎಂದು ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. ಬೀಳಿಸಿದ್ದು ಸೈರನ್ ಅಲ್ಲ, ಸೂಪರಿಂಟೆಂಡೆಂಟೇ. ಬರೆದಿಟ್ಟುಕೊಳ್ಳಿ, ನನಗೆ ಮರೆವಂತೆ! ಮೊದಲ ಸಾಲನ್ನು ಇನ್ನೊಮ್ಮೆ ಹಾಡಿ ಮುಗಿಸಿದೆ.

ಆಮೇಲೆ ಮುಂದಿನ ಸಾಲಿನ ಗಂಟಲು ಪೇಷೆಂಟುಗಳು ಶುರು ಮಾಡಿದರು. ಅವರ ಗಂಟಲಿಗೆ ವಿಶ್ರಾಂತಿ, ಕೈಗಲ್ಲವಲ್ಲ! ತಿಂಗಳುಗಟ್ಟಲೆ ಕೂಡಿಟ್ಟಿದ್ದ ಸದ್ದನ್ನೆಲ್ಲ ಚಪ್ಪಾಳೆ ಹೊಡೆದು ತೀರಿಸಿದರು. ಬಾಗಿಲಾಚೆಯಿಂದ ಕ್ಯಾಶಿಯರ್ ಸಾಹೇಬರು ತಲೆ ಹಾಕಿ, "ನಿಜವಾಗ್ಲೂ ಚೆನ್ನಾಗಿತ್ತು!" ಎಂದು ಕೂಗಿದರು.

ಮೇಡಂ ಮಾತಾಡಲು ಎದ್ದರು. ಬರೆದುಕೊಂಡು ಬಂದ ಚೀಟಿಯನ್ನು ಮಡಚಿಟ್ಟರು.

"ಹತ್ತೊಂಬತ್ತು ವರ್ಷದಿಂದ ನಾನು ಕೇಳೋದು ಕೆಟ್ಟ ದನಿ ಮಾತ್ರ. ಒಡೆದ ದನಿ, ಬರೀ ಗಾಳಿ. ಸರಿಹೋದ ದಿನ 'ಇನ್ನು ಬರಬೇಡಿ' ಅಂತ ನಾನೇ ಕಳಿಸ್ತೀನಿ. ಆಮೇಲೆ ಆ ದನಿ ಮನೇಲಿ ಏನು ಮಾಡುತ್ತೆ, ಯಾರನ್ನ ಬೈಯುತ್ತೆ, ಯಾರನ್ನ ಕರೆಯುತ್ತೆ, ನಂಗೆ ಗೊತ್ತೇ ಆಗಲ್ಲ. ಇವತ್ತು ಕೇಳಿದೆ. ನಾನು ಮಾಡಿದ ಕೆಲಸ ಹೇಗೆ ಕೇಳ್ಸುತ್ತೆ ಅಂತ ಇವತ್ತೇ ಗೊತ್ತಾಗಿದ್ದು."

ಅಷ್ಟು ಹೇಳಿ ಕೂತರು. ನಮ್ಮವಳು ಮೂಗು ಒರೆಸಿಕೊಂಡಳು. ಸೂಪರಿಂಟೆಂಡೆಂಟ್ ಬಗ್ಗಿ ತಟ್ಟೆ ಎತ್ತಿಕೊಂಡು ಅಂಗಿಯ ತೋಳಿನಿಂದ ಒರೆಸುತ್ತಾ ನಿಂತಿದ್ದ. ಆ ಮನುಷ್ಯನನ್ನು ನಾನು ಬಹಳ ಬೈದಿದ್ದೇನೆ, ಆವತ್ತಿನಿಂದ ಬಿಟ್ಟೆ.

ಮೇಡಂ ಹೋಗಿ ನಾಲ್ಕು ವರ್ಷವಾಯಿತು. ನನ್ನ ಹತ್ತಿರ ಇದ್ದ ಅವರ ನಂಬರಿಗೆ ಫೋನು ಮಾಡಿದರೆ ಈಗ ಬೇರೆ ಯಾರೋ ಎತ್ತುತ್ತಾರೆ. ಆದ್ದರಿಂದ ಗ್ರೂಪಿನವರೇ, ಕೇಳಿ. ನಿಮಗೂ ಯಾರೋ ಒಬ್ಬರು ಕಾಲು ಸರಿಮಾಡಿರುತ್ತಾರೆ, ಕಣ್ಣು ಸರಿಮಾಡಿರುತ್ತಾರೆ, ಓದು ಕಲಿಸಿರುತ್ತಾರೆ. ಸರಿಹೋದ ಮೇಲೆ ಒಮ್ಮೆ ಅವರ ಮುಂದೆ ಹೋಗಿ ನಡೆದು ತೋರಿಸಿ ಬನ್ನಿ, ಓದಿ ತೋರಿಸಿ ಬನ್ನಿ. ಇನ್ನು ಈ ವಾಯ್ಸ್ ಮೆಸೇಜನ್ನು ಇಲ್ಲೇ ನಿಲ್ಲಿಸಬೇಡಿ. ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನವರ ಟಿಕೆಟ್ಟು ಕೈಯಿಂದ ಕೈಗೆ ದಾಟಿ ಹೋಗುತ್ತಿತ್ತಲ್ಲ, ಮಧ್ಯದಲ್ಲಿದ್ದವರಿಗೆ ಅದು ಯಾರದೆಂದು ಗೊತ್ತಿರುತ್ತಿರಲಿಲ್ಲ, ಆದರೂ ಒಬ್ಬರೂ ಬೀಳಿಸುತ್ತಿರಲಿಲ್ಲ. ಹಾಗೆ ದಾಟಿಸಿ. ಎಲ್ಲೋ ಒಂದು ಊರಿನಲ್ಲಿ ತಲೆಯಲ್ಲಿ ಪೆನ್ಸಿಲ್ ಇಟ್ಟುಕೊಂಡು ಪೆನ್ಸಿಲ್ ಹುಡುಕುತ್ತಿರುವ ಹೆಂಗಸೊಬ್ಬರು ಕೂತಿರುತ್ತಾರೆ. ಅವರಿಗೆ ತಲುಪಬೇಕು.